ಬೀಚ್ ಬಿಟ್ಟು ಬೇರೇನಿದೆ? ಮಕ್ಕಳ ಜೊತೆ ಕರಾವಳಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಂದಾಪುರದವಳು. ಮದುವೆಯಾಗಿ ಬೆಂಗಳೂರು ಸೇರಿ ಬಹಳ ವರ್ಷಗಳಾದವು. ದಸರಾ ರಜೆ ಹತ್ತಿರ ಬಂತೆಂದರೆ, ಕ್ರಿಸ್‌ಮಸ್ ಬಂತೆಂದರೆ, ಲಿಫ್ಟಿನಲ್ಲಿ, ಶಾಲೆಯ ಗೇಟಿನ ಹತ್ತಿರ, ವಾಟ್ಸಾಪಿನಲ್ಲಿ ಒಂದೇ ಮಾತು: "ನಿಮ್ಮೂರ ಕಡೆ ಹೋಗ್ತಿದೀವಿ, ಏನು ನೋಡೋದು?" ಮುರುಡೇಶ್ವರ, ಮಲ್ಪೆ, ಗೋಕರ್ಣ ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿ ಹೇಳಿ ಸುಸ್ತಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನನಗೆ ಇಷ್ಟವಾದದ್ದರ ಬಗ್ಗೆ ಜಾಸ್ತಿ ಮಾತಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

## ಹೊರಡುವ ಮೊದಲು

ಅಕ್ಕಾ, ಸಮುದ್ರಕ್ಕೆ ಹೋಗಿ ಸಮುದ್ರ ಬಿಟ್ಟು ಬೇರೇನು ನೋಡೋದು? ಮಕ್ಕಳಿಗೆ ನೀರು, ಮರಳು ಸಾಕಲ್ವಾ?

ಮೊದಲನೇ ದಿನ ಸಾಕು. ಎರಡನೇ ದಿನ ಬೆನ್ನು ಸುಟ್ಟಿರುತ್ತದೆ, ಚಡ್ಡಿಯೊಳಗೆಲ್ಲ ಮರಳು. ಮೂರನೇ ದಿನ ರೂಮಿನಲ್ಲಿ ಏಸಿ ಹಾಕಿಕೊಂಡು ಮೊಬೈಲ್ ಕೇಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಗಿದ್ದು.

ನಾವು ಊರಲ್ಲಿ ಬೆಳೆದವರು ಸಮುದ್ರ "ನೋಡಲು" ಅಂತ ಹೋಗುತ್ತಲೇ ಇರಲಿಲ್ಲ. ಏನಾದರೂ ನಡೆಯುತ್ತಿದ್ದರೆ ಹೋಗುತ್ತಿದ್ದೆವು. ಬಲೆ ಎಳೆಯುತ್ತಿದ್ದಾರೆ, ದೋಣಿ ಬಂತು, ಚಿಪ್ಪಿ ಹೆಕ್ಕುತ್ತಿದ್ದಾರೆ, ಹೀಗೆ ಏನೋ ಒಂದು. ಮಕ್ಕಳಿಗೂ ಬೇಕಾದದ್ದು ಅದೇ. ಯಾರೋ ಮೈಬಗ್ಗಿಸಿ ಕೆಲಸ ಮಾಡುತ್ತಿದ್ದರೆ ಅವರು ಗಂಟೆಗಟ್ಟಲೆ ನೋಡುತ್ತಾರೆ. ಹಾಗಾಗಿ ದಿನಕ್ಕೆ ಒಂದೇ ಒಂದು ಜಾಗ ಇಟ್ಟುಕೊಳ್ಳಿ, ಬೆಳಗ್ಗೆಯೋ ಸಂಜೆಯೋ. ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿರಿ. ನಮ್ಮ ಕಡೆಯ ಸೆಖೆ ಬೆಂಗಳೂರಿನವರಿಗೆ ತಡೆಯುವಂಥದ್ದಲ್ಲ.

ಯಾವ ತಿಂಗಳಲ್ಲಿ ಹೋದರೆ ಒಳ್ಳೇದು?

ನವೆಂಬರಿನಿಂದ ಫೆಬ್ರವರಿ. ಉಪ್ಪಿನ ಆಗರ ನೋಡಬೇಕಿದ್ದರೆ ಜನವರಿಯ ನಂತರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ, ದ್ವೀಪಕ್ಕೆ ಹೋಗುವ ದೋಣಿಗಳೂ ಬಂದ್. ಆದರೂ ಮಳೆಗಾಲದಲ್ಲಿ ಹೋಗಬೇಕು ಅನ್ನುವ ಪುಣ್ಯಾತ್ಮರಿಗೆ ಕೆಳಗೆ ಬೇರೆ ಉತ್ತರ ಇದೆ.

ಭರತ, ಇಳಿತ ಅಂತೀರಲ್ಲ, ಅದೆಲ್ಲ ನಮಗೆ ಗೊತ್ತಿರಲೇಬೇಕಾ?

ಹೋಟೆಲಿನ ಚೆಕ್‌ಇನ್ ಟೈಮಿಗಿಂತ ಮೊದಲು ಇದನ್ನು ನೋಡಿಕೊಳ್ಳಿ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ್ದು ಇಳಿಯಲು ಸುಮಾರು ಆರು ಗಂಟೆ ಬೇಕು. ಇವತ್ತು ಬೆಳಗ್ಗೆ ಏಳಕ್ಕೆ ಪೂರ್ತಿ ಇಳಿದಿದ್ದರೆ ನಾಳೆ ಸುಮಾರು ಏಳು ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಂದರೆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿ ಟಿಕೆಟ್ ಮಾಡಿಸಿದರೆ, ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು, ಶಂಖದ ಹುಳ ಎಲ್ಲ ಸಿಗುತ್ತವೆ. ಗೊತ್ತಿಲ್ಲದೆ ಭರತದ ಹೊತ್ತಿಗೆ ಹೋದರೆ ಅದೇ ಜಾಗದಲ್ಲಿ ಬರೀ ನೊರೆ.

ಮೊಬೈಲಿನಲ್ಲಿ ನೋಡಬಹುದು. ಅದಕ್ಕಿಂತ ಸುಲಭ, ದಡದಲ್ಲಿ ಬಲೆ ಹೊಲಿಯುತ್ತಾ ಕುಳಿತ ಅಜ್ಜನನ್ನು ಕೇಳುವುದು. "ಇಳಿತ ಎಷ್ಟೊತ್ತಿಗೆ ಅಜ್ಜಾ?" ಅಂದರೆ ಸಾಕು, ಇಳಿತದ ಜೊತೆಗೆ ಊರಿನ ಅರ್ಧ ಸುದ್ದಿಯೂ ಸಿಗುತ್ತದೆ.

ಮಂಗಳೂರಿನಲ್ಲಿ ಉಳ್ಕೊಂಡು ಕಾರವಾರದವರೆಗೂ ನೋಡ್ಕೊಂಡು ಬರಬಹುದಾ? ನಾಲ್ಕು ದಿನ ಇದೆ.

ಬೇಡಪ್ಪಾ. ನಮ್ಮ ಕರಾವಳಿ ಸುಮಾರು 320 ಕಿ.ಮೀ. ಇದೆ. ನಾಲ್ಕು ದಿನವೂ ಹೆದ್ದಾರಿಯಲ್ಲೇ ಕಳೆಯುತ್ತದೆ, ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಾರೆ. ಉಡುಪಿ–ಕುಂದಾಪುರ ಒಂದು ಪ್ರವಾಸ, ಹೊನ್ನಾವರ–ಕುಮಟಾ–ಅಂಕೋಲಾ ಇನ್ನೊಂದು, ಕಾರವಾರ ಬೇರೆಯೇ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ನಮ್ಮ ಹತ್ರ ಕಾರ್ ಇಲ್ಲ. ಬಸ್ಸು, ರೈಲಿನಲ್ಲಿ ಆಗುತ್ತಾ?

ಆಗುತ್ತದೆ, ಅದೇ ಮಜಾ. ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಖಾಸಗಿ ಬಸ್ಸು ಹತ್ತಿಸಿ ನೋಡಿ. ಕಂಡಕ್ಟರ್ ಸೀಟಿ ಊದಿ, ಬಾಗಿಲಲ್ಲಿ ನೇತಾಡಿ, ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗುವುದನ್ನು ನನ್ನ ಮಗ ಒಂದು ತಿಂಗಳು ಮನೆಯಲ್ಲಿ ಆಡಿಕೊಂಡಿದ್ದ.

ರೈಲಿಗೆ ಒಂದು ಅರ್ಧ ದಿನವನ್ನೇ ಕೊಡಿ. ಕೊಂಕಣ ರೈಲ್ವೆಯಲ್ಲಿ ಎಲ್ಲ ಸ್ಟೇಷನ್ನಿಗೂ ನಿಲ್ಲುವ ಪ್ಯಾಸೆಂಜರ್ ಗಾಡಿ ಹಿಡಿದು ಭಟ್ಕಳದಿಂದ ಕುಮಟಾಕ್ಕೆ ಹೋಗಿ, ಊಟ ಮಾಡಿ, ವಾಪಸ್ ಬನ್ನಿ. ದಾರಿಯಲ್ಲಿ ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬರುತ್ತದೆ, 2 ಕಿ.ಮೀ.ಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಮಕ್ಕಳು "ಇನ್ನೂ ಮುಗಿದಿಲ್ಲ, ಇನ್ನೂ ಮುಗಿದಿಲ್ಲ" ಅಂತ ಕೂಗುತ್ತಾ ಇರುತ್ತಾರೆ. ಆದರೆ ಕಿಟಕಿಯಿಂದ ಸಮುದ್ರ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕಾಣುವುದು ಜಾಸ್ತಿ ಹೊಳೆ, ಗದ್ದೆ, ಸುರಂಗ. ಸ್ಟೇಷನ್ನುಗಳು ಪೇಟೆಯಿಂದ ಸ್ವಲ್ಪ ದೂರ ಇರುತ್ತವೆ, ಆಟೋಗೆ ಚಿಲ್ಲರೆ ಇಟ್ಟುಕೊಳ್ಳಿ.

ನೀರಿಗೆ ಇಳಿಯೋದು ಸೇಫಾ? ಹುಡುಗ ಈಜು ಕಲಿತಿದಾನೆ.

ಸ್ವಿಮ್ಮಿಂಗ್ ಪೂಲಿನ ಈಜು ಕಡಲಿಗೆ ಲೆಕ್ಕವಿಲ್ಲ. ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಸಿ, ಅವರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ಕೆಂಪು ಬಾವುಟ ಕಂಡರೆ ಕಾಲೂ ಒದ್ದೆ ಮಾಡಬೇಡಿ. ಮುಖ್ಯವಾಗಿ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯಲ್ಲಿ, ಯಾವ ಕಾಲದಲ್ಲೂ ಇಳಿಯಬಾರದು. ಮೇಲೆ ನೋಡಲು ತಣ್ಣಗೆ ಕೆರೆಯ ಹಾಗಿರುತ್ತದೆ, ಇಳಿತದ ಹೊತ್ತಿಗೆ ಇಡೀ ಹೊಳೆಯ ನೀರು ಆ ಬಾಯಿಯಲ್ಲೇ ಹೊರಗೆ ಓಡುತ್ತಿರುತ್ತದೆ. ಊರಿನ ಮೀನುಗಾರರೇ ಅಲ್ಲಿ ಹುಷಾರಾಗಿರುತ್ತಾರೆ.

## ಸಣ್ಣ ಮಕ್ಕಳು, ಹಿರಿಯರು ಜೊತೆಗಿದ್ದರೆ

ಮೂರು ವರ್ಷದ ಮಗು ಇದೆ, ಅತ್ತೆಗೆ ಮಂಡಿನೋವು. ಹತ್ತಿ ಇಳಿಯೋದು ಇಲ್ಲದ ಜಾಗ ಯಾವುದಾದ್ರೂ ಹೇಳಿ.

ಕೋಡಿ ಬೆಂಗ್ರೆ. ಮಲ್ಪೆಯಿಂದ ಕಡಲ ಬದಿಯ ರಸ್ತೆಯಲ್ಲೇ ಉತ್ತರಕ್ಕೆ ಹೋಗುತ್ತಾ ಇರಿ. ನೆಲ ಸಣ್ಣದಾಗುತ್ತಾ ಆಗುತ್ತಾ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸುವರ್ಣಾ ಹೊಳೆ, ನಡುವೆ ನೀವು, ತೆಂಗಿನಮರ, ನಾಲ್ಕು ಮನೆ. ಕೊನೆಯಲ್ಲಿ ಸೀತಾ ಹೊಳೆಯೂ ಬಂದು ಸೇರಿ ಎರಡೂ ಒಟ್ಟಿಗೇ ಕಡಲಿಗೆ ಹೋಗುತ್ತವೆ. ಅಲ್ಲಿಂದ ಆಚೆ ದಡದ ಹಂಗಾರಕಟ್ಟೆಗೆ ಬಾರ್ಜ್ ಇದೆ. ಊರವರು ಬೈಕು, ಸೈಕಲ್ಲು, ಮೀನಿನ ಬುಟ್ಟಿ ಸಮೇತ ಹತ್ತುತ್ತಾರೆ. ಅದು ಪ್ರವಾಸಿಗರಿಗೆ ಅಂತ ಇರುವುದಲ್ಲ, ಅವರ ದಿನದ ಓಡಾಟ. ಅದಕ್ಕೇ ಚೆಂದ. ಹೊರಡುವ ಮೊದಲು ಆ ದಿನ ಬಾರ್ಜ್ ಓಡುತ್ತಿದೆಯಾ ಅಂತ ಅಂಗಡಿಯಲ್ಲಿ ಕೇಳಿಕೊಳ್ಳಿ.

ನನ್ನ ಅತ್ತೆ ಬಯಲುಸೀಮೆಯವರು. ಆಚೆ ದಡ ಮುಟ್ಟಿದ ಮೇಲೆ ಇಳಿಯಲೇ ಇಲ್ಲ. "ಇನ್ನೊಂದು ಸಲ ಹೋಗಿ ಬರೋಣ" ಅಂದರು. ಒಟ್ಟು ನಾಲ್ಕು ಸಲ ಹೋಗಿ ಬಂದೆವು.

ಮಂಗಳೂರಿನಲ್ಲೇ ಉಳಿದಿದ್ದರೆ ಟಿಪ್ಪು ಕಾಲದ ಸುಲ್ತಾನ್ ಬತ್ತೇರಿಯ ಬುಡದಿಂದ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿಯನ್ನು ವಿಚಾರಿಸಿ. ಅದೂ ಇದೇ ಜಾತಿಯದು, ಸ್ವಲ್ಪ ಪಟ್ಟಣದ ಗದ್ದಲ ಜಾಸ್ತಿ.

ಕಡಲ ತೀರದಲ್ಲಿ ನೂರು ಜನ ಸೇರಿ ಬಲೆ ಎಳೀತಾರಂತೆ, ನಾವೂ ಎಳೀಬಹುದಂತೆ. ಹೌದಾ?

ನೂರು ಜನ ದೊಡ್ಡ ರಂಪಣಿಯ ಕಾಲದ ಮಾತು. ರಂಪಣಿ ಅಂದರೆ ದಡದಿಂದ ಎಳೆಯುವ ಉದ್ದ ಬಲೆ. ಈಗ ಕೈರಂಪಣಿ, ಮೂವತ್ತು ನಲವತ್ತು ಜನ ಇದ್ದರೆ ಹೆಚ್ಚು. ಒಂದು ದೋಣಿ ಬಲೆಯನ್ನು ನೀರಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟುಕೊಂಡು ಬರುತ್ತದೆ. ಎರಡು ತುದಿಯ ಹಗ್ಗ ದಡದಲ್ಲಿ. ಎರಡು ಸಾಲು ಜನ ನಿಂತು ಎಳೆಯುತ್ತಾ ಎಳೆಯುತ್ತಾ ಹತ್ತಿರ ಹತ್ತಿರ ಬರುತ್ತಾರೆ. ಕೊನೆಗೆ ಬಲೆಯ ಚೀಲ ದಡಕ್ಕೆ ಬಂದಾಗ ಬೂತಾಯಿ, ಬಂಗುಡೆ ಬೆಳ್ಳಗೆ ಕುಣಿಯುತ್ತಿರುತ್ತವೆ. ಅಲ್ಲಿವರೆಗೆ ಒಂದು ಗಂಟೆಯಾದರೂ ಬೇಕು, ಕೆಲವು ದಿನ ಬರೀ ಕಸ, ಜೆಲ್ಲಿ ಮೀನು ಬರುತ್ತದೆ.

ಇದಕ್ಕೆ ಟೈಮ್‌ಟೇಬಲ್ ಇಲ್ಲ, ಟಿಕೆಟ್ಟೂ ಇಲ್ಲ. ಮಳೆ ಕಡಿಮೆಯಾದ ಮೇಲೆ ಬೆಳಗಿನ ಹೊತ್ತು ತೀರದಲ್ಲಿ ನಡೆಯುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ದೂರ ನಿಂತು ಫೋಟೋ ಹೊಡೆಯಬೇಡಿ. ಹತ್ತಿರ ಹೋಗಿ "ಅಣ್ಣಾ, ಮಕ್ಕಳು ಒಂದು ಕೈ ಹಾಕಲಾ?" ಅಂತ ಕೇಳಿ. ಹೆಚ್ಚಿನವರು ನಕ್ಕು ಜಾಗ ಬಿಡುತ್ತಾರೆ. ಹಗ್ಗ ಒದ್ದೆಯಾಗಿ ಒರಟಾಗಿರುತ್ತದೆ, ಅಂಗೈ ಕೆಂಪಾಗುತ್ತದೆ, ಆಗಲಿ ಬಿಡಿ. ಜೆಲ್ಲಿ ಮೀನು ಮುಟ್ಟಲು ಮಾತ್ರ ಬಿಡಬೇಡಿ. ಕೊನೆಗೆ ಅವರು ನಾಲ್ಕು ಬಂಗುಡೆ ಕೈಗಿಟ್ಟರೆ ದುಡ್ಡು ಕೊಡಲು ಹೋಗಿ, ಬೇಡವೆಂದರೆ ಜಗಳ ಮಾಡಬೇಡಿ. ಉಳಿದುಕೊಂಡ ಮನೆಯವರು ಹುರಿದು ಕೊಡುತ್ತಾರೆ.

ಲೈಟ್‌ಹೌಸ್ ಒಳಗೆ ಹತ್ತೋಕೆ ಬಿಡ್ತಾರಾ?

ಕಾಪುವಿನಲ್ಲಿ ಸಂಜೆ ಹೊತ್ತು ಬಿಡುತ್ತಾರೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ. ಒಳಗೆ ಸುತ್ತು ಮೆಟ್ಟಿಲು, ಮೇಲೆ ಕಿರಿದಾದ ಜಾಗ, ಗಾಳಿಗೆ ಟೋಪಿ ಹಾರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಹತ್ತಲು ಬರುತ್ತಾರೆ, ಅದಕ್ಕೇ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತರೆ ಜಗ್ಗಾಟ ಇಲ್ಲ.

ಮಲ್ಪೆ ಬಂದರಿನ ಮೀನು ಹರಾಜು ಮಕ್ಕಳಿಗೆ ತೋರಿಸಬಹುದಾ? ವಾಸನೆ ಜಾಸ್ತಿನಾ?

ವಾಸನೆ ಜಾಸ್ತಿ. ತೋರಿಸಲೇಬೇಕು. ಬೆಳಗ್ಗೆ ಆರಕ್ಕೆಲ್ಲ ಅಲ್ಲಿರಿ. ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ, ಹೆಂಗಸರು ಕೂಗುವ ಲೆಕ್ಕ ನನಗೇ ಅರ್ಧ ಅರ್ಥವಾಗುವುದಿಲ್ಲ. ನೆಲ ಜಾರುತ್ತದೆ, ಚಪ್ಪಲಿ ಗಟ್ಟಿಯಾಗಿರಲಿ, ಹಳೆ ಬಟ್ಟೆ ಹಾಕಿ. ತಲೆ ಮೇಲೆ ಬುಟ್ಟಿ ಹೊತ್ತವರಿಗೆ ದಾರಿ ಬಿಡಿ, ಅವರು ನಿಮಗಾಗಿ ನಿಲ್ಲುವುದಿಲ್ಲ. ಅರ್ಧ ಗಂಟೆ ಸಾಕು, ಆಮೇಲೆ ಉಡುಪಿಗೆ ಬಂದು ಗೋಳಿಬಜೆ ತಿನ್ನಿ.

## ಒಂದು ಇಡೀ ದಿನ ಕೊಡುವವರಿಗೆ

ನಾವ್ ಹುಬ್ಬಳ್ಳಿಯಿಂದ ಬರ್ತೀವ್ರಿ. ಬೀಚ್ ಸಾಕಾಗೇದ. ಒಂದು ದಿನದಾಗ ಬ್ಯಾರೆ ಏನರ ತೋರಿಸ್ರಿ.

ನಿಮಗೆ ಅಂಕೋಲಾ ಹತ್ತಿರ, ಹಾಗಾಗಿ ಸಾಣಿಕಟ್ಟಾ, ತದಡಿ, ಅಘನಾಶಿನಿ. ಇದು ನನ್ನ ಮೆಚ್ಚಿನ ದಿನ, ಸ್ವಲ್ಪ ಉದ್ದ ಹೇಳುತ್ತೇನೆ.

ಬೆಳಗ್ಗೆ ಬೇಗ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಿ. ಗೋಕರ್ಣಕ್ಕೆ ಹೋಗುವವರೆಲ್ಲ ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ. ಹೊಳೆಯ ಉಪ್ಪುನೀರನ್ನು ಭರತದ ಹೊತ್ತಿಗೆ ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಸಣ್ಣ ಮಡಿಗಳಲ್ಲಿ ಹರಳು ಕಟ್ಟುತ್ತದೆ. ಅದನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮಡಿಯ ಅಂಚಿನ ಬದುವಿನ ಮೇಲೆ ಮಕ್ಕಳನ್ನು ಓಡಿಸಬೇಡಿ, ಅದು ಒಡೆದರೆ ಅವರ ವಾರದ ಕೆಲಸ ನೀರುಪಾಲು. ಕೇಳಿ ಒಳಗೆ ಹೋಗಿ. ಒಂದು ಹರಳು ನಾಲಿಗೆಗೆ ಇಟ್ಟುಕೊಂಡು ನೋಡಿದರೆ ಪ್ಯಾಕೆಟ್ ಉಪ್ಪಿನ ಹಾಗಿಲ್ಲ, ಹಿಂದೆ ಒಂದು ಚೂರು ಕಹಿ. ಮೇ ಕೊನೆಯಲ್ಲಿ ಒಂದು ಅಡ್ಡಮಳೆ ಬಿದ್ದರೆ ಎಲ್ಲ ಕರಗಿ ಹೋಗುತ್ತದೆ. ದೊಡ್ಡ ಮಕ್ಕಳಿದ್ದರೆ, 1930ರಲ್ಲಿ ಇಲ್ಲೇ ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ಅಲ್ಲೇ ನಿಂತು ಹೇಳಿ. ಪಾಠದ ಪುಸ್ತಕದಲ್ಲಿ ಓದಿದ "ಉಪ್ಪು" ಆಗ ಕೈಯಲ್ಲಿ ಇರುತ್ತದೆ.

ಅಲ್ಲಿಂದ ತದಡಿ ಬಂದರಿಗೆ ಬನ್ನಿ. ಆಚೆ ದಡ ಅಘನಾಶಿನಿ ಊರು. ನಡುವೆ ದೋಣಿ. ಹೊಳೆಯ ಹೆಸರೂ ಅಘನಾಶಿನಿಯೇ. ಇದಕ್ಕೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಶಿರಸಿ ಕಡೆ ಹುಟ್ಟಿ ಹಾಗೇ ಹರಿದು ಬರುತ್ತದೆ. 2024ರ ಜನವರಿಯಲ್ಲಿ ಇದರ ಅಳಿವೆ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ದೋಣಿಯಿಂದ ನೋಡಿದರೆ ಹೊಳೆಯ ನಡುವೆ ಎದೆಮಟ್ಟದ ನೀರಿನಲ್ಲಿ ಜನ ನಿಂತಿರುತ್ತಾರೆ. ಬಳಚು ಹೆಕ್ಕುವವರು. ಮಂಗಳೂರು ಕಡೆ ಮರುವಾಯಿ ಅನ್ನುತ್ತಾರಲ್ಲ, ಆ ಚಿಪ್ಪಿ. ಕಾಲಿನಿಂದ ತಡವಿ, ಮುಳುಗಿ, ಕೈತುಂಬ ತೆಗೆದು ಪಕ್ಕದ ಪಾತ್ರೆಗೆ ಹಾಕುತ್ತಾರೆ. ನನ್ನ ಮಗಳು ಎಣಿಸಲು ಶುರು ಮಾಡಿ ಇನ್ನೂರರ ಹತ್ತಿರ ಬಿಟ್ಟಳು.

ಇನ್ನೂ ಹೊತ್ತಿದ್ದರೆ ಕುಮಟಾ ಬದಿಯ ಮಾಣಿಕಟ್ಟಾದ ಗಜನಿ ಗದ್ದೆಗಳ ಕಡೆ ಹೋಗಿ. ಗಜನಿ ಅಂದರೆ ಉಪ್ಪುನೀರು ನುಗ್ಗುವ ಭೂಮಿ. ಅಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಭತ್ತ ಮುಗಿದ ಮೇಲೆ ಅದೇ ನೀರಿನಲ್ಲಿ ಸಿಗಡಿ. ವಾಪಸ್ ಹೋಗುವಾಗ ಮಿರ್ಜಾನ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಸಿಗುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಕೋಟೆ ನೋಡಿ ಸುಸ್ತಾದರೆ ಹುಲ್ಲಿನ ಮೇಲೆ ಮಲಗಿ.

ಕಾರವಾರದಲ್ಲಿ ಕಪ್ಪು ಮರಳಿನ ಬೀಚ್ ಇದೆಯಂತೆ?

ಹೌದು, ತಿಳ್ಮಾತಿ. ಎಳ್ಳಿನ ಹಾಗೆ ಕಪ್ಪು ಕಪ್ಪು ಮರಳು, ಅದಕ್ಕೇ ಆ ಹೆಸರು. ಗೋವಾ ಗಡಿಯ ಹತ್ತಿರ ಮಾಜಾಳಿಯವರೆಗೆ ಗಾಡಿ, ಆಮೇಲೆ ಗುಡ್ಡ ದಾಟಿ ನಡಿಗೆ. ಅಂಗಡಿ ಇಲ್ಲ, ನೆರಳಿಲ್ಲ, ಶೌಚಾಲಯವಂತೂ ಕೇಳಲೇಬೇಡಿ. ನೀರು ಹೊತ್ತುಕೊಂಡು ಹೋಗಿ. ಮಧ್ಯಾಹ್ನ ಆ ಕಪ್ಪು ಮರಳು ಕಾವಲಿಯ ಹಾಗೆ ಕಾದಿರುತ್ತದೆ.

ಅದೇ ದಿನ ಸಂಜೆ ಪೇಟೆಯ ಟ್ಯಾಗೋರ್ ತೀರದಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ ನೋಡಿ. ನಿಜವಾದ ಕ್ಷಿಪಣಿ ನೌಕೆ, ಒಳಗೆ ಹೋಗಬಹುದು. ಇಷ್ಟು ಇಕ್ಕಟ್ಟಿನಲ್ಲಿ ಜನ ಹೇಗೆ ಮಲಗುತ್ತಿದ್ದರು ಅನ್ನುವುದೇ ಮಕ್ಕಳ ದೊಡ್ಡ ಪ್ರಶ್ನೆಯಾಗುತ್ತದೆ.

ಸೇಂಟ್ ಮೇರೀಸ್ ದ್ವೀಪ ಮಾಮೂಲಿ ಅಲ್ವಾ? ಎಲ್ಲರೂ ಹೋಗ್ತಾರೆ.

ಎಲ್ಲರೂ ಹೋಗುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಬರುತ್ತಾರೆ. ಕಲ್ಲು ಯಾರೂ ನೋಡುವುದಿಲ್ಲ. ಅಲ್ಲಿನ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಕುಗ್ಗಿ ಸೀಳಿದಾಗ ಆದವು. ಆಗ ನಮ್ಮ ನೆಲಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಮಕ್ಕಳಿಗೆ ಒಂದು ಕೆಲಸ ಕೊಡಿ: ಐದು ಮೂಲೆಯ ಕಂಬ ಎಷ್ಟು, ಆರು ಮೂಲೆಯದು ಎಷ್ಟು, ಏಳು ಮೂಲೆಯದು ಸಿಕ್ಕರೆ ಐಸ್‌ಕ್ರೀಮ್. ನಮಗೆ ಗಡ್‌ಬಡ್ ಬಿತ್ತು. ಕಲ್ಲು ಕಿತ್ತು ತರಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕುಂದಾಪುರದ ಹತ್ರ ಗೊಂಬೆಯಾಟ ಅಂತ ಕೇಳಿದ್ದೆ, ಈಗಲೂ ಇದೆಯಾ?

ಇದೆ, ಉಪ್ಪಿನಕುದ್ರುವಿನಲ್ಲಿ. ನಮ್ಮೂರ ಮಾತಿನಲ್ಲಿ ಕುದ್ರು ಅಂದರೆ ಹೊಳೆ ನಡುವಿನ ನೆಲ. ಅಲ್ಲಿನ ಕಾಮತ್ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆ ಆಡಿಸುತ್ತಾ ಬಂದಿದೆ. ಕೊಗ್ಗ ಕಾಮತರ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮರದ ಗೊಂಬೆಗೆ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ, ಪೂರ್ತಿ ವೇಷ, ಭಾಗವತರ ಹಾಡು, ಚೆಂಡೆ, ಮದ್ದಳೆ ಎಲ್ಲ ಇದ್ದದ್ದೇ. ಗೊಂಬೆ ಮಂಡಿ ಹಾಕಿ ಗಿರಗಿರ ಸುತ್ತಿದಾಗ ಮಕ್ಕಳ ಬಾಯಿ ತೆರೆದದ್ದು ಮುಚ್ಚುವುದಿಲ್ಲ. ಆಟ ದಿನಾ ಇರುವುದಿಲ್ಲ, ಯಾವತ್ತು ಇದೆ ಅಂತ ಮೊದಲೇ ವಿಚಾರಿಸಿ. ಆಟವಾದ ಮೇಲೆ ಪರದೆಯ ಹಿಂದೆ ನೋಡಲು ಕೇಳಿ. ಅಷ್ಟು ದಾರಗಳನ್ನು ಹತ್ತು ಬೆರಳು ಹೇಗೆ ಹಿಡಿದುಕೊಂಡಿವೆ ಅನ್ನುವುದೇ ಇನ್ನೊಂದು ಆಟ.

ಬುಕಿಂಗ್ ಮಾಡಿಯಾಗಿದೆ, ಈಗ ನೋಡಿದರೆ ಜೋರು ಮಳೆ. ಏನು ಮಾಡೋದು?

ರೇನ್‌ಕೋಟ್ ಹಾಕಿ. ಜುಲೈ, ಆಗಸ್ಟಿನಲ್ಲಾದರೆ ಯಾವ ಊರಿನಲ್ಲಿ "ಕೆಸರ್ಡ್ ಒಂಜಿ ದಿನ" ಇದೆ ಅಂತ ಕೇಳಿ. ತುಳುವಿನಲ್ಲಿ ಕೆಸರಿನಲ್ಲಿ ಒಂದು ದಿನ ಅಂತ ಅರ್ಥ. ಗದ್ದೆಯ ಕೆಸರಿನಲ್ಲಿ ಓಟ, ಹಗ್ಗಜಗ್ಗಾಟ, ಅಜ್ಜಿಯರಿಗೂ ಸ್ಪರ್ಧೆ. ಆಟಿ ತಿಂಗಳಲ್ಲಿ ಊರೂರಲ್ಲಿ ನಡೆಯುತ್ತದೆ. ನಿಮ್ಮ ಮಕ್ಕಳು ಸುಮ್ನೆ ನೋಡುತ್ತಾ ನಿಲ್ಲುವುದು ಐದು ನಿಮಿಷ ಮಾತ್ರ.

ಮನೆಯೊಳಗೇ ಬೇಕೆಂದರೆ ಮಣಿಪಾಲ. ಅಲ್ಲಿನ ಅಂಗರಚನಾ ಮ್ಯೂಸಿಯಂನಲ್ಲಿ ಸಾವಿರಾರು ಮಾದರಿಗಳು, ಗಾಜಿನೊಳಗೆ ನಿಜವಾದ ಅಂಗಗಳು, ಆನೆಯ ಅಸ್ಥಿಪಂಜರ. ಹತ್ತು ವರ್ಷ ದಾಟಿದ, ಹೆದರದ ಮಕ್ಕಳಿಗೆ ಮಾತ್ರ. ಅದಾದ ಮೇಲೆ ಊಟ ಇಟ್ಟುಕೊಳ್ಳಬೇಡಿ. ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೂ ಅಲ್ಲೇ, ವಿಜಯನಾಥ ಶೆಣೈ ಅವರು ಕಟ್ಟಿದ್ದು. ಮಳೆಯಲ್ಲಿ ಆ ಮಾಡುಗಳ ಕೆಳಗೆ ನಿಂತರೆ ಗೊತ್ತಾಗುತ್ತದೆ ನಮ್ಮವರು ಯಾಕೆ ಹಾಗೆ ಕಟ್ಟುತ್ತಿದ್ದರು ಅಂತ.

ಒಂದು ಎಚ್ಚರಿಕೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಜನ ಸತ್ತರು. ರೆಡ್ ಅಲರ್ಟ್ ಇದ್ದ ದಿನ ಘಾಟಿ, ಹೆದ್ದಾರಿ ಯಾವುದೂ ಬೇಡ. ರೂಮಿನಲ್ಲಿ ಇಸ್ಪೀಟ್ ಆಡಿ.

ನಾವು ಪ್ಯೂರ್ ವೆಜ್. ಮೀನಿನ ಕಥೆ ಬಿಟ್ಟು ಬೇರೆ ಇದೆಯಾ?

ಮಟ್ಟು ಮತ್ತು ಶಂಕರಪುರ, ಎರಡೂ ಕಟಪಾಡಿಯ ಆಸುಪಾಸು. ಮಟ್ಟುವಿನಲ್ಲಿ ಕಡಲ ಪಕ್ಕದ ಮರಳು ಗದ್ದೆಗಳಲ್ಲಿ ಗುಳ್ಳ ಬೆಳೆಯುತ್ತಾರೆ. ಹಸಿರು ಬಣ್ಣದ ಗುಂಡು ಬದನೆ. ಮಾಧ್ವ ಯತಿ ವಾದಿರಾಜರು ಬೀಜ ಕೊಟ್ಟರು ಅನ್ನುವುದು ನಂಬಿಕೆ, ಉಡುಪಿ ಕೃಷ್ಣಮಠದಲ್ಲಿ ಪೂಜೆಯ ಸರದಿ ಬದಲಾಗುವ ಪರ್ಯಾಯಕ್ಕೂ ಅದು ಹೋಗಬೇಕು. ಆಮೇಲೆ ಶಂಕರಪುರದ ಮಲ್ಲಿಗೆ. ಮನೆಯಂಗಳದಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುವ ಕೈಗಳ ವೇಗ ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ. ಗಣಿತ ಕಷ್ಟ ಅನ್ನುವ ಮಗುವಿಗೆ ಒಂದು ಅಟ್ಟೆಯ ಲೆಕ್ಕ ಕೊಡಿ.

## ಪಳಗಿದವರಿಗೆ

ಯಕ್ಷಗಾನ ಇಡೀ ರಾತ್ರಿ ಮಕ್ಕಳು ಕೂರ್ತಾರಾ?

ಕೂರುವುದಿಲ್ಲ, ಮಲಗುತ್ತಾರೆ. ನಾವೂ ಹಾಗೇ ಬೆಳೆದದ್ದು, ಚಾಪೆಯ ಮೇಲೆ ಮಲಗಿ ಚೆಂಡೆಯ ಪೆಟ್ಟಿಗೆ ಎದ್ದು, ರಾಕ್ಷಸ ಬಂದ ಅಂತ ಮತ್ತೆ ಅಮ್ಮನ ಸೆರಗಿನೊಳಗೆ. ನವೆಂಬರಿನಿಂದ ಮೇ ತನಕ ದಿನಾ ರಾತ್ರಿ ಎಲ್ಲೋ ಒಂದು ಕಡೆ ಆಟ ಇರುತ್ತದೆ. ಹರಕೆ ಆಟಕ್ಕೆ ದುಡ್ಡೂ ಇಲ್ಲ. ಈಗ ಹಲವು ಮೇಳಗಳು ನಡುರಾತ್ರಿಗೇ ಮುಗಿಸುತ್ತವೆ.

ಗುಟ್ಟು ಏನೆಂದರೆ ಆಟ ಶುರುವಾಗುವ ಮೊದಲೇ ಹೋಗಿ ಚೌಕಿ ನೋಡುವುದು. ಚೌಕಿ ಅಂದರೆ ಬಣ್ಣ ಹಚ್ಚುವ ಜಾಗ. ಅಲ್ಲಿ ಅಂಗಿ ಲುಂಗಿಯಲ್ಲಿ ಬಂದ ಒಬ್ಬ ಅಂಕಲ್ ಕನ್ನಡಿ ಹಿಡಿದು ಕೂತು, ಒಂದೂವರೆ ಗಂಟೆಯಲ್ಲಿ ರಾಕ್ಷಸನಾಗಿ ಏಳುತ್ತಾರೆ. ಚಪ್ಪಲಿ ಹೊರಗೆ ಬಿಡಿ, ದೇವರ ಪೆಟ್ಟಿಗೆ ಇರುತ್ತದೆ. ಮಾತಾಡಿಸಬೇಡಿ, ದೂರದಿಂದ ನೋಡಿ. ಆಮೇಲೆ ಚರುಮುರಿ ತಿಂದು ಒಂದು ಗಂಟೆ ಆಟ ನೋಡಿ ಎದ್ದು ಬಂದರೂ ದುಡ್ಡು, ಅಲ್ಲ, ನಿದ್ದೆ ವಸೂಲಿ.

ಕಂಬಳಕ್ಕೆ ಕರ್ಕೊಂಡು ಹೋಗಬಹುದಾ? ಕೋಣಗಳನ್ನು ಹೊಡೀತಾರಂತಲ್ಲ.

ಈಗ ಹೊಡೆತಕ್ಕೆ ನಿಯಮಗಳಿವೆ, ಅದರ ಬಗ್ಗೆ ವಾದವೂ ಮುಗಿದಿಲ್ಲ. ಮೊದಲು ನೀವೇ ಮಕ್ಕಳ ಜೊತೆ ಮಾತಾಡಿ ಆಮೇಲೆ ತೀರ್ಮಾನ ಮಾಡಿ. ಹೋದರೆ ಕೆನೆಹಲಗೆ ಓಟದ ಹೊತ್ತಿಗೆ ಹೋಗಿ. ಅದರಲ್ಲಿ ಯಾರು ಮೊದಲು ಅನ್ನುವುದಲ್ಲ, ಕೆಸರುನೀರು ಎಷ್ಟು ಎತ್ತರ ಚಿಮ್ಮಿತು ಅನ್ನುವುದು ಲೆಕ್ಕ. ಮೇಲೆ ಕಟ್ಟಿದ ಬಟ್ಟೆಗೆ ನೀರು ಮುಟ್ಟಬೇಕು. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಮೇಲೆ ಜನ ಜಾಸ್ತಿ. ಕರೆಯ, ಅಂದರೆ ಓಟದ ಕೆಸರುಗದ್ದೆಯ ಕೊನೆಯಲ್ಲಿ, ಕೋಣಗಳು ಹತ್ತಿ ಬರುವ ಜಾಗದಲ್ಲಿ ಮಾತ್ರ ಮಕ್ಕಳನ್ನು ನಿಲ್ಲಿಸಬೇಡಿ, ಅವು ತಕ್ಷಣ ನಿಲ್ಲುವುದಿಲ್ಲ.

ಸಿನಿಮಾ ನೋಡಿದ ಮೇಲೆ ಮಗ ಭೂತಕೋಲ ನೋಡಬೇಕು ಅಂತ ಹಟ ಮಾಡ್ತಿದಾನೆ.

ಅದು ಶೋ ಅಲ್ಲ. ಒಂದು ಮನೆಯವರ, ಒಂದು ಊರಿನವರ ನಂಬಿಕೆ. ಗುರುತಿನವರು ಕರೆದರೆ ಹೋಗಿ, ಹಿಂದೆ ಕೂತು ನೋಡಿ, ಪ್ರಸಾದ ತೆಗೆದುಕೊಳ್ಳಿ. ಮೊಬೈಲ್ ಜೇಬಿನಲ್ಲಿರಲಿ. ಹೊರಗೆ ಬಂದು ಮಗ ಕೂಗಿ ಅಣಕಿಸದ ಹಾಗೆ ನೋಡಿಕೊಳ್ಳಿ. ಯಾರೂ ಕರೆಯದಿದ್ದರೆ ಯಕ್ಷಗಾನಕ್ಕೆ ಹೋಗಿ.

ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯೋದು ನಿಜಾನಾ, ಎಡಿಟಿಂಗಾ?

ನಿಜ. ನೀರಿನಲ್ಲಿರುವ ನಾಕ್ಟಿಲುಕಾ ಎಂಬ ಒಂದೇ ಕೋಶದ ಜೀವಿ ಅಲುಗಾಡಿದಾಗ ಬೆಳಕು ಬಿಡುತ್ತದೆ. ಆದರೆ ಫೋಟೋದಲ್ಲಿ ಕಂಡಷ್ಟು ನೀಲಿ ಕಣ್ಣಿಗೆ ಕಾಣುವುದಿಲ್ಲ, ಮಂಕು ಮಿಂಚಿನ ಹಾಗೆ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ, ಅಮಾವಾಸ್ಯೆಯ ಕತ್ತಲಲ್ಲಿ, ಲೈಟು ಇಲ್ಲದ ತೀರದಲ್ಲಿ ಅದೃಷ್ಟ ನೋಡಿ. ಒದ್ದೆ ಮರಳಿನ ಮೇಲೆ ಕಾಲು ಉಜ್ಜಿದರೂ ಒಮ್ಮೊಮ್ಮೆ ಮಿನುಗುತ್ತದೆ. ನಾನು ಹುಟ್ಟಿ ಬೆಳೆದ ಊರಿನಲ್ಲಿ ಮೂರೇ ಸಲ ಕಂಡಿದ್ದೇನೆ, ಅದಕ್ಕಾಗಿಯೇ ಟಿಕೆಟ್ ಮಾಡಿಸಬೇಡಿ.

ವಾಪಸ್ ಬರುವಾಗ ಏನು ತರೋದು? ಬರೀ ಗೋಡಂಬಿನಾ?

ಸಾಣಿಕಟ್ಟಾಕ್ಕೆ ಹೋಗಿದ್ದರೆ ಒಂದು ಚೀಲ ಉಪ್ಪು, ಉಪ್ಪಿನಕಾಯಿಗೆ ಬಹಳ ಒಳ್ಳೆಯದು. ಡಬ್ಬಿಯಲ್ಲಿ ತುಂಬಿಸಿ, ಇಲ್ಲದಿದ್ದರೆ ನೀರು ಬಿಟ್ಟು ಡಿಕ್ಕಿ ತುಕ್ಕು ಹಿಡಿಯುತ್ತದೆ. ಕುಮಟಾ, ಹೊನ್ನಾವರ ಕಡೆ ಸಿಕ್ಕರೆ ತೊಡೆದೇವು, ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟು ತೊಡೆದು ತೆಗೆದ ಕಾಗದದಷ್ಟು ತೆಳು ಸಿಹಿ. ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬನ್ನಿ, ಡಿಕ್ಕಿಗೆ ಹಾಕಿದರೆ ಪುಡಿ. ಒಣಮೀನು ತರುವುದಾದರೆ ಐದು ಸುತ್ತು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ. ಆದರೂ ಬಸ್ಸಿನಲ್ಲಿ ಹಾಸನ ದಾಟುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.